ಪಿಸ್ತೂಲಿನ ಒಳಯಂತ್ರ: ಕಣಕ್ಕೊಂದು, ಸೊಂಟಕ್ಕೊಂದು

2008ರ ನವೆಂಬರ್ ತಿಂಗಳ ಕೊನೆ. ನ್ಯೂಯಾರ್ಕಿನ ಮ್ಯಾನ್‌ಹಟನ್ ಪ್ರದೇಶದ ನೈಟ್‌ಕ್ಲಬ್ ಒಂದಕ್ಕೆ ಬಂದಿದ್ದ ಅಮೆರಿಕನ್ ಫುಟ್‌ಬಾಲ್ ತಾರೆ ಪ್ಲಾಕ್ಸಿಕೊ ಬರೆಸ್ ಅವರ ಸೊಂಟದಲ್ಲಿ ಗ್ಲಾಕ್ ಪಿಸ್ತೂಲೊಂದಿತ್ತು. ಅದಕ್ಕೆ ಒರೆ ಇರಲಿಲ್ಲ. ಸಡಿಲವಾದ ಪ್ಯಾಂಟಿನೊಳಗಿಂದ ಅದು ಜಾರತೊಡಗಿದಾಗ ಅವರು ಹಿಡಿಯಲು ಹೋದರು. ಗುಂಡು ಹಾರಿ ಅವರದೇ ತೊಡೆಯನ್ನು ಸೀಳಿತು. ಅದೇ ವರ್ಷದ ಫೆಬ್ರುವರಿಯಲ್ಲಿ ತಮ್ಮ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟಿದ್ದ ಆಟಗಾರ, ಪರವಾನಗಿಯಿಲ್ಲದೆ ಆಯುಧ ಹೊಂದಿದ್ದ ಅಪರಾಧಕ್ಕಾಗಿ 2009ರಲ್ಲಿ ಎರಡು ವರ್ಷಗಳ ಸೆರೆವಾಸಕ್ಕೆ ಗುರಿಯಾದರು.

ಅದೇ ನಗರದಲ್ಲಿ 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ನಡೆದದ್ದು ಇದಕ್ಕೆ ವ್ಯತಿರಿಕ್ತವಾದ ಘಟನೆ. ಮಾಜಿ ಸಹೋದ್ಯೋಗಿಯನ್ನು ಕೊಂದು ಬಂದಿದ್ದ ಹಂತಕನತ್ತ ಇಬ್ಬರು ಪೊಲೀಸರು 16 ಗುಂಡುಗಳನ್ನು ಹಾರಿಸಿದರು. ಹಂತಕ ಸತ್ತ. ಆದರೆ ಪೊಲೀಸರ ಗುಂಡು ಮತ್ತು ಅದರ ಚೂರುಗಳಿಂದ ಒಂಬತ್ತು ಮಂದಿ ದಾರಿಹೋಕರು ಗಾಯಗೊಂಡರು. ಆಕಸ್ಮಿಕವಾಗಿ ಗುಂಡು ಹಾರಬಾರದೆಂಬ ಕಾರಣಕ್ಕೆ ನ್ಯೂಯಾರ್ಕ್ ಪೊಲೀಸರ ಪಿಸ್ತೂಲುಗಳ ಟ್ರಿಗರನ್ನು ಸುಮಾರು 5.4 ಕೆ.ಜಿ.ಯಷ್ಟು ಬಿಗಿಗೊಳಿಸಲಾಗಿತ್ತು. ಈ ಬಿಗಿಯೇ ಗುರಿ ತಪ್ಪಲು ಕಾರಣವಾಯಿತೇ ಎಂಬ ಚರ್ಚೆ ಆಗ ಬಿರುಸಾಗಿ ನಡೆಯಿತು.

ಟ್ರಿಗರ್ ಹಗುರವಾಗಿದ್ದರೆ ಗುರಿ ಸುಲಭ, ಅಪಘಾತವೂ ಸುಲಭ. ಅದು ಭಾರವಾಗಿದ್ದರೆ ಅಪಘಾತ ಕಷ್ಟ, ಗುರಿಯೂ ಕಷ್ಟ. ಕೈಬಂದೂಕುಗಳ ಸುಮಾರು ಎರಡು ಶತಮಾನಗಳ ವಿಕಾಸವೆಲ್ಲ ಈ ಇಕ್ಕಟ್ಟಿನೊಳಗೇ ನಡೆದಿದೆ. ಕ್ರೀಡಾಕಣದ ಪಿಸ್ತೂಲು ಮತ್ತು ಆತ್ಮರಕ್ಷಣೆಗೆಂದು ಬಟ್ಟೆಯ ಮರೆಯಲ್ಲಿ ಒಯ್ಯುವ ಪಿಸ್ತೂಲು ಬೇರೆಬೇರೆ ದಾರಿ ಹಿಡಿದದ್ದೂ ಇದರಿಂದಲೇ.

ಆ್ಯಕ್ಷನ್ ಎಂದರೇನು?

ತೋಟಾದ ಹಿಂಬದಿಯಲ್ಲಿ ಕೇಪು ಇರುತ್ತದೆ. ಅದಕ್ಕೆ ಬಲವಾದ ಪೆಟ್ಟು ಬಿದ್ದರೆ ಕಿಡಿ ಹುಟ್ಟಿ, ಮದ್ದು ಹೊತ್ತಿ, ಗುಂಡು ನಳಿಕೆಯಿಂದ ಹೊರಬೀಳುತ್ತದೆ. ಆ ಪೆಟ್ಟನ್ನು ಕೊಡುವ ಭಾಗವೇ ಹ್ಯಾಮರ್. ಹಳೆಯ ಕೋವಿಗಳಲ್ಲಿ ‘ಕುದುರೆ’ ಎಂದು ಕರೆಯುತ್ತಿದ್ದುದು ಇದನ್ನೇ. ಹ್ಯಾಮರ್ ಹಿಂದೆ ಬಲವಾದ ಸ್ಪ್ರಿಂಗ್ ಇರುತ್ತದೆ. ಅದನ್ನು ಹಿಂದಕ್ಕೆಳೆದು ನಿಲ್ಲಿಸುವುದು ಒಂದು ಕೆಲಸ, ನಿಂತದ್ದನ್ನು ಬಿಡುವುದು ಇನ್ನೊಂದು ಕೆಲಸ. ಈ ಎರಡರಲ್ಲಿ ಟ್ರಿಗರ್ ಯಾವುದನ್ನು ಮಾಡುತ್ತದೆ ಎಂಬುದರ ಮೇಲೆ ‘ಆ್ಯಕ್ಷನ್’ ನಿರ್ಧಾರವಾಗುತ್ತದೆ.

ಟ್ರಿಗರ್ ಬಿಡುವ ಕೆಲಸವೊಂದನ್ನೇ ಮಾಡಿದರೆ ಅದು ಸಿಂಗಲ್ ಆ್ಯಕ್ಷನ್. ಎಳೆಯುವ ಮತ್ತು ಬಿಡುವ ಎರಡೂ ಕೆಲಸಗಳನ್ನು ಮಾಡಿದರೆ ಡಬಲ್ ಆ್ಯಕ್ಷನ್. ಮೊದಲ ಗುಂಡಿಗೆ ಎರಡೂ ಕೆಲಸ, ಆಮೇಲಿನ ಗುಂಡುಗಳಿಗೆ ಒಂದೇ ಕೆಲಸ ಎಂದಾದರೆ ಅದು ಮಿಶ್ರ ಪದ್ಧತಿ. ಹ್ಯಾಮರ್ ಬದಲು ಒಳಗೇ ಅಡಗಿರುವ ಸ್ಪ್ರಿಂಗ್ ಬಲದ ಮೊಳೆಯೊಂದು ಕೇಪಿಗೆ ಚುಚ್ಚಿದರೆ ಅದು ಸ್ಟ್ರೈಕರ್ ಪದ್ಧತಿ.

ಸಿಂಗಲ್ ಆ್ಯಕ್ಷನ್: ಹಗುರ, ಆದರೆ ಎಚ್ಚರ ಬೇಡುವುದು

ಅಮೆರಿಕದ ಪಶ್ಚಿಮ ಸೀಮೆಯ ಚಲನಚಿತ್ರಗಳಲ್ಲಿ ನಾಯಕ ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆಳೆದು ಗುಂಡು ಹಾರಿಸುವ ರಿವಾಲ್ವರ್ ಬಹುಮಟ್ಟಿಗೆ 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ಅಥವಾ ಅದರ ಪಡಿಯಚ್ಚು. ಅದರ ಹ್ಯಾಮರಿನ ಮೊನೆ ನೇರವಾಗಿ ತೋಟಾದ ಮೇಲೆಯೇ ಕೂರುತ್ತಿತ್ತು. ಕೆಳಗೆ ಬಿದ್ದರೂ ಗುಂಡು ಹಾರಬಹುದಾಗಿದ್ದರಿಂದ, ಆರು ತೋಟಾಗಳ ಆಯುಧಕ್ಕೆ ಐದನ್ನೇ ತುಂಬಿ, ಹ್ಯಾಮರ್ ಎದುರಿನ ಮನೆಯನ್ನು ಖಾಲಿ ಬಿಡುವ ರೂಢಿ ಬೆಳೆಯಿತು. ಅಮೆರಿಕದ ರೂಗರ್ ಕಂಪನಿ 1973ರಲ್ಲಿ ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಪೆಟ್ಟು ದಾಟುವಂತೆ ನಡುವೆ ಪಟ್ಟಿಯೊಂದನ್ನು ಅಳವಡಿಸಿ, ಇಂಥ ರಿವಾಲ್ವರ್‌ಗಳ ಈ ಹಳೆಯ ದೋಷವನ್ನು ನಿವಾರಿಸಿತು.

ಈ ಪದ್ಧತಿ ಬೇಡುವ ಎಚ್ಚರಕ್ಕೆ ಈಚಿನ ಉದಾಹರಣೆ, 2021ರ ಅಕ್ಟೋಬರ್ 21ರಂದು ‘ರಸ್ಟ್’ ಚಿತ್ರದ ಚಿತ್ರೀಕರಣ ಸ್ಥಳದಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಅವರ ಸಾವು. ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದದ್ದು ಇಟಲಿಯಲ್ಲಿ ತಯಾರಾದ ಅದೇ ಕೋಲ್ಟ್ ಮಾದರಿಯ ರಿವಾಲ್ವರ್. ಟ್ರಿಗರ್ ಎಳೆದೇ ಇಲ್ಲ, ಹ್ಯಾಮರನ್ನು ಬಿಟ್ಟೆನಷ್ಟೇ ಎಂಬುದು ಅವರ ವಾದವಾಗಿತ್ತು. ಅವರ ಮೇಲಿನ ಮೊಕದ್ದಮೆಯನ್ನು ನ್ಯಾಯಾಲಯ 2024ರ ಜುಲೈನಲ್ಲಿ ವಜಾ ಮಾಡಿತು. ಆಯುಧಗಳ ಉಸ್ತುವಾರಿ ಹೊತ್ತಿದ್ದವರಿಗೆ ಅದೇ ವರ್ಷ 18 ತಿಂಗಳ ಶಿಕ್ಷೆಯಾಯಿತು.

ಪಿಸ್ತೂಲುಗಳಲ್ಲಿ ಸಿಂಗಲ್ ಆ್ಯಕ್ಷನ್‌ನ ಮೇರುಕೃತಿ ಜಾನ್ ಬ್ರೌನಿಂಗ್ ರೂಪಿಸಿದ .45 ಕ್ಯಾಲಿಬರಿನ ಎಂ1911. 1911ರಲ್ಲಿ ಅಮೆರಿಕದ ಸೇನೆ ಸೇರಿದ ಇದು 1985ರವರೆಗೂ ಅಲ್ಲಿನ ಅಧಿಕೃತ ಪಿಸ್ತೂಲಾಗಿತ್ತು. ಪ್ರತಿ ಗುಂಡು ಹಾರಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು, ಹ್ಯಾಮರನ್ನು ತಾನೇ ಎಳೆದು ನಿಲ್ಲಿಸುತ್ತದೆ. ಟ್ರಿಗರ್ ಹಿಂದಕ್ಕೆ ನೇರವಾಗಿ, ಕೆಲವೇ ಮಿಲಿಮೀಟರ್ ಜಾರಿದರೆ ಸಾಕು. ನುರಿತ ಕುಶಲಕರ್ಮಿ ಅದನ್ನು ಒಂದು ಕೆ.ಜಿ. ಆಸುಪಾಸಿಗೂ ಇಳಿಸಬಲ್ಲ. ಇದನ್ನು ಕೂಡಲೇ ಬಳಸಲು ಸಿದ್ಧವಾಗಿ ಒಯ್ಯಬೇಕಾದರೆ ಹ್ಯಾಮರ್ ಎಳೆದಿರಬೇಕು, ಬದಿಯ ಸುರಕ್ಷಾ ಕೀಲಿ ಹಾಕಿರಬೇಕು. ಹೊರತೆಗೆಯುವಾಗ ಹೆಬ್ಬೆರಳು ಆ ಕೀಲಿಯನ್ನು ತಪ್ಪದೆ ಕೆಳಗೊತ್ತಬೇಕು. ಅಭ್ಯಾಸವಿಲ್ಲದವನು ಗಾಬರಿಯಲ್ಲಿ ಕೀಲಿ ತೆಗೆಯಲು ಮರೆಯಬಹುದು. ತೆಗೆದವನು ಮತ್ತೆ ಹಾಕಲು ಮರೆಯಬಹುದು.

ಭಾರತೀಯ ಸೇನೆ ದಶಕಗಳಿಂದ ಬಳಸುತ್ತ ಬಂದಿರುವ ಈಶಾಪುರದ 9 ಮಿ.ಮೀ. ‘ಪಿಸ್ಟಲ್ ಆಟೊ 1ಎ’ ಕೂಡ ಬ್ರೌನಿಂಗ್ ಅವರ ವಿನ್ಯಾಸದಿಂದ ಬೆಳೆದ ಹೈ ಪವರ್ ಪಿಸ್ತೂಲಿನ ವಂಶದ್ದೇ ಆಗಿದ್ದು, ಇದೇ ಸಿಂಗಲ್ ಆ್ಯಕ್ಷನ್ ಪದ್ಧತಿಗೆ ಸೇರಿದೆ.

ಡಬಲ್ ಆ್ಯಕ್ಷನ್ ರಿವಾಲ್ವರ್: ಬೆರಳಿನ ಬಲವೇ ಬೀಗ

ಟ್ರಿಗರನ್ನು ಒಮ್ಮೆ ಎಳೆದರೆ ಹ್ಯಾಮರ್ ಹಿಂದೆ ಸರಿದು, ತಿರುಗಣೆ ಸುತ್ತಿ, ಗುಂಡು ಹಾರುವ ರಿವಾಲ್ವರನ್ನು ಇಂಗ್ಲೆಂಡಿನ ರಾಬರ್ಟ್ ಆಡಮ್ಸ್ 1851ರಲ್ಲೇ ತಂದರು. ಬೇಕಾದರೆ ಹ್ಯಾಮರನ್ನು ಕೈಯಿಂದ ಎಳೆದೂ ಬಳಸಬಹುದಾದ ಸುಧಾರಿತ ಮಾದರಿ 1856ರಲ್ಲಿ ಬಂತು. ಇಂದಿನ ಬಹುತೇಕ ರಿವಾಲ್ವರ್‌ಗಳು ಈ ಎರಡನೆಯ ಕ್ರಮವನ್ನೇ ಅನುಸರಿಸುತ್ತವೆ.

ಇದರಲ್ಲಿ ಪ್ರತ್ಯೇಕ ಸುರಕ್ಷಾ ಕೀಲಿಯ ಅಗತ್ಯವೇ ಬೀಳಲಿಲ್ಲ. ಟ್ರಿಗರಿನ ದೀರ್ಘ ಪಯಣ ಮತ್ತು ಸುಮಾರು ನಾಲ್ಕೂವರೆಯಿಂದ ಐದೂವರೆ ಕೆ.ಜಿ. ಎಳೆತವೇ ಬೀಗದ ಕೆಲಸ ಮಾಡುತ್ತದೆ. ಅಂಗಿಯ ತುದಿ ಸಿಕ್ಕಿಕೊಂಡ ಮಾತ್ರಕ್ಕೆ ಹಾರುವಂಥದ್ದಲ್ಲ. ಕೇಪು ಕೈಕೊಟ್ಟರೂ ಚಿಂತೆಯಿಲ್ಲ. ಮತ್ತೊಮ್ಮೆ ಟ್ರಿಗರ್ ಎಳೆದರೆ ಮುಂದಿನ ತೋಟಾ ಎದುರು ಬರುತ್ತದೆ. ಹ್ಯಾಮರನ್ನು ಪೂರ್ತಿ ಮುಚ್ಚಿದ, ಜೇಬಿನ ದಾರಕ್ಕೆ ಸಿಕ್ಕಿಕೊಳ್ಳದ ಪುಟ್ಟ ಐದು ಗುಂಡಿನ ರಿವಾಲ್ವರನ್ನು ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1952ರಲ್ಲಿ ಹೊರತಂದಿತು. ಅದರ ಸಂತತಿ ಇಂದಿಗೂ ಅಮೆರಿಕದ ಅಂಗಡಿಗಳಲ್ಲಿದೆ.

ಸಮಸ್ಯೆ ಇರುವುದು ಗುರಿಯಲ್ಲಿ. ಐದು ಕೆ.ಜಿ. ಎಳೆಯುವ ಬೆರಳು ಅರ್ಧ ಕೆ.ಜಿ. ತೂಗುವ ಆಯುಧವನ್ನು ಅಲುಗಿಸದೆ ಇರುವುದು ಕಷ್ಟ. ಆದರೆ ಅಭ್ಯಾಸಕ್ಕೆ ಅಸಾಧ್ಯವಿಲ್ಲ ಎಂಬುದನ್ನು ಅಮೆರಿಕದ ಜೆರ್ರಿ ಮಿಕ್ಯುಲೆಕ್ ತೋರಿಸಿಕೊಟ್ಟಿದ್ದಾರೆ. ಅವರು 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಿ ಮುಗಿಸಲು ತೆಗೆದುಕೊಂಡ ಒಟ್ಟು ಸಮಯ 2.99 ಸೆಕೆಂಡು. ಬಳಸಿದ್ದು ರಿವಾಲ್ವರನ್ನೇ.

ಮಿಶ್ರ ಪದ್ಧತಿ: ಮೊದಲ ಗುಂಡೇ ಬೇರೆ

ರಿವಾಲ್ವರಿನ ಭದ್ರತೆ ಮತ್ತು ಪಿಸ್ತೂಲಿನ ವೇಗವನ್ನು ಒಂದುಗೂಡಿಸುವ ಯತ್ನ ಜರ್ಮನಿಯಲ್ಲಿ ಫಲಿಸಿತು. 1929ರ ವಾಲ್ಥರ್ ಪಿಪಿ ಮತ್ತು 1938ರಲ್ಲಿ ಜರ್ಮನ್ ಸೇನೆಗೆ ಬಂದ ಪಿ38 ಪಿಸ್ತೂಲುಗಳಲ್ಲಿ ತೋಟಾ ತುಂಬಿದ ಮೇಲೂ ಹ್ಯಾಮರನ್ನು ಸುರಕ್ಷಿತವಾಗಿ ಕೆಳಗಿಳಿಸಬಹುದಿತ್ತು. ಮೊದಲ ಗುಂಡಿಗೆ ದೀರ್ಘವಾದ, ಭಾರವಾದ ಎಳೆತ. ಅದು ಹಾರಿದ ಕೂಡಲೇ ಸ್ಲೈಡ್ ಹ್ಯಾಮರನ್ನು ಎಳೆದು ನಿಲ್ಲಿಸುವುದರಿಂದ ಎರಡನೆಯ ಗುಂಡಿಗೆ ಹಗುರವಾದ, ಗಿಡ್ಡ ಎಳೆತ. 1985ರಲ್ಲಿ ಎಂ1911ರ ಸ್ಥಾನಕ್ಕೆ ಅಮೆರಿಕದ ಸೇನೆ ಆರಿಸಿಕೊಂಡ ಇಟಲಿ ಮೂಲದ ಬೆರೆಟಾ 92 ಇದೇ ಪದ್ಧತಿಯದು.

ಒಂದೇ ಆಯುಧಕ್ಕೆ ಎರಡು ಬಗೆಯ ಎಳೆತ ಇರುವುದೇ ಇದರ ದೌರ್ಬಲ್ಯ. ಮೊದಲ ಗುಂಡಿಗೆ ಐದು ಕೆ.ಜಿ. ಬಲ ಹಾಕಿದ ಬೆರಳು, ಮರುಕ್ಷಣವೇ ಅದರ ಅರ್ಧದಷ್ಟು ಸಾಕೆಂದು ಅರಿಯಬೇಕು. ಹೊಸಬರಲ್ಲಿ ಮೊದಲ ಗುಂಡು ಗುರಿಯಿಂದ ಜಾರುವುದೂ, ಎರಡನೆಯದು ಎಣಿಸಿದ್ದಕ್ಕಿಂತ ಮೊದಲೇ ಹಾರುವುದೂ ಸಾಮಾನ್ಯ. ಜೊತೆಗೆ, ಗುಂಡು ಹಾರಿಸಿ ಮುಗಿದ ಮೇಲೆ ಹ್ಯಾಮರನ್ನು ಕೆಳಗಿಳಿಸದೆ ಒರೆಗೆ ಸೇರಿಸಿದರೆ, ಭಾರವಾದ ಎಳೆತದ ರಕ್ಷಣೆ ಅಲ್ಲಿಗೆ ಇಲ್ಲವಾಗುತ್ತದೆ.

ಸ್ಟ್ರೈಕರ್: ಎಲ್ಲ ಗುಂಡಿಗೂ ಒಂದೇ ನಡೆ

ಪರದೆಯ ಸರಳು, ಚಾಕು ಮುಂತಾದವನ್ನು ತಯಾರಿಸುತ್ತಿದ್ದ ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ಪಿಸ್ತೂಲು ತಯಾರಿಕೆಗೆ ಹೊಸಬರು. 1982ರಲ್ಲಿ ಅವರ ಗ್ಲಾಕ್ 17 ಆ ದೇಶದ ಸೇನೆಗೆ ಆಯ್ಕೆಯಾಯಿತು. ಪ್ಲಾಸ್ಟಿಕ್ ಜಾತಿಯ ಪಾಲಿಮರ್ ಚೌಕಟ್ಟು, ಹೊರಗೆ ಕಾಣದ ಸ್ಟ್ರೈಕರ್ ಮತ್ತು ಪ್ರತಿ ಬಾರಿಯೂ ಸುಮಾರು ಎರಡೂವರೆ ಕೆ.ಜಿ. ಎಳೆತ ಅದರ ವಿಶೇಷ. ಹೆಬ್ಬೆರಳು ಒತ್ತಬೇಕಾದ ಸುರಕ್ಷಾ ಕೀಲಿಯೇ ಇಲ್ಲ. ಟ್ರಿಗರಿನ ಮುಖದಲ್ಲಿರುವ ಪುಟ್ಟ ನಾಲಿಗೆಯೂ ಒಳಗಿರುವ ಇನ್ನೆರಡು ತಡೆಗಳೂ ಟ್ರಿಗರ್ ಎಳೆದಾಗ ತಾವಾಗಿಯೇ ತೆರೆದುಕೊಳ್ಳುತ್ತವೆ. ಗ್ಯಾಸ್ಟನ್ ಗ್ಲಾಕ್ 2023ರ ಡಿಸೆಂಬರಿನಲ್ಲಿ ನಿಧನರಾಗುವ ಹೊತ್ತಿಗೆ ಅವರ ಪದ್ಧತಿಯನ್ನು ಜಗತ್ತಿನ ಹೆಚ್ಚಿನ ತಯಾರಕರು ಒಂದಿಲ್ಲೊಂದು ಬಗೆಯಲ್ಲಿ ಅನುಸರಿಸಿದ್ದರು.

ಕಲಿಸುವುದು ಸುಲಭ, ಬಳಸುವುದು ಸುಲಭ ಎಂಬುದು ಇದರ ಹೆಗ್ಗಳಿಕೆ. ಆದರೆ ಇಲ್ಲಿನ ತಡೆಗಳೆಲ್ಲ ಕೆಳಗೆ ಬಿದ್ದಾಗ ಗುಂಡು ಹಾರದಂತೆ ಕಾಯುತ್ತವೆಯೇ ಹೊರತು, ಬೆರಳೋ ಬಟ್ಟೆಯೋ ಟ್ರಿಗರನ್ನು ಹಿಂದಕ್ಕೆ ಒತ್ತಿದಾಗಲಲ್ಲ. ಮ್ಯಾನ್‌ಹಟನ್‌ನ ಕ್ಲಬ್ಬಿನಲ್ಲಿ ನಡೆದದ್ದು ಇದೇ. ಈ ಬಗೆಯ ಪಿಸ್ತೂಲಿಗೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ ಅಲಂಕಾರವಲ್ಲ, ಅದು ಸುರಕ್ಷಾ ವ್ಯವಸ್ಥೆಯ ಅವಿಭಾಜ್ಯ ಅಂಗ.

ಬೆರೆಟಾದ ಬದಲಿಗೆ 2017ರಲ್ಲಿ ಅಮೆರಿಕದ ಸೇನೆ ಆರಿಸಿಕೊಂಡ ಸಿಗ್ ಸೌರ್ ಪಿ320 ಸಹ ಸ್ಟ್ರೈಕರ್ ಪದ್ಧತಿಯದು. ಅದರ ನಾಗರಿಕ ಮಾದರಿ ಕೆಲವು ಕೋನಗಳಲ್ಲಿ ಬಿದ್ದರೆ ಗುಂಡು ಹಾರುತ್ತದೆಂದು ಅದೇ ವರ್ಷ ಬೆಳಕಿಗೆ ಬಂದಾಗ ಕಂಪನಿಯು ಸ್ವಯಂಪ್ರೇರಿತ ಸುಧಾರಣಾ ಯೋಜನೆ ಪ್ರಕಟಿಸಿತು. ಟ್ರಿಗರ್ ಮುಟ್ಟದೆಯೇ ಗುಂಡು ಹಾರಿತೆಂದು ದೂರಿ ಹಲವರು ಮೊಕದ್ದಮೆ ಹೂಡಿದ್ದು, 2024ರಲ್ಲಿ ಜಾರ್ಜಿಯಾ ಮತ್ತು ಫಿಲಡೆಲ್ಫಿಯಾದ ತೀರ್ಪುಗಾರರ ಮಂಡಳಿಗಳು ದೂರುದಾರರ ಪರ ತೀರ್ಪಿತ್ತವು. ಟ್ರಿಗರ್ ಎಳೆಯದೆ ಈ ಪಿಸ್ತೂಲು ಹಾರುವುದಿಲ್ಲ ಎಂಬುದು ಕಂಪನಿಯ ನಿಲುವು.

ಒಂದು ನೋಟದಲ್ಲಿ

* ಸಿಂಗಲ್ ಆ್ಯಕ್ಷನ್ ಪಿಸ್ತೂಲು: ಎಳೆತ ಸುಮಾರು 1ರಿಂದ 2.5 ಕೆ.ಜಿ., ಪಯಣ ಅತಿ ಗಿಡ್ಡ. ಸುರಕ್ಷೆ ಇರುವುದು ಹೆಬ್ಬೆರಳಿನ ಕೀಲಿಯಲ್ಲಿ.

* ಡಬಲ್ ಆ್ಯಕ್ಷನ್ ರಿವಾಲ್ವರ್: ಎಳೆತ ಸುಮಾರು 4.5ರಿಂದ 5.5 ಕೆ.ಜಿ., ಪಯಣ ದೀರ್ಘ. ಸುರಕ್ಷೆ ಇರುವುದು ಎಳೆತದ ಭಾರದಲ್ಲಿ.

* ಮಿಶ್ರ ಪದ್ಧತಿ: ಮೊದಲ ಗುಂಡಿಗೆ ಸುಮಾರು 5 ಕೆ.ಜಿ., ಆಮೇಲೆ ಅದರ ಅರ್ಧದಷ್ಟು. ಸುರಕ್ಷೆ ಇರುವುದು ಮೊದಲ ಎಳೆತದಲ್ಲಿ ಮತ್ತು ಹ್ಯಾಮರ್ ಇಳಿಸುವ ಶಿಸ್ತಿನಲ್ಲಿ.

* ಸ್ಟ್ರೈಕರ್: ಎಲ್ಲ ಗುಂಡಿಗೂ ಸುಮಾರು 2.5 ಕೆ.ಜಿ. ಸುರಕ್ಷೆ ಇರುವುದು ಒರೆಯಲ್ಲಿ ಮತ್ತು ಬೆರಳಿನ ಶಿಸ್ತಿನಲ್ಲಿ.

ಕಣದಲ್ಲಿ ಗ್ರಾಮುಗಳ ಲೆಕ್ಕ

ಗುರಿಯ ಮೇಲೆ ಟ್ರಿಗರಿನ ಪ್ರಭಾವವನ್ನು ಸರಳ ಲೆಕ್ಕದಿಂದ ಅರಿಯಬಹುದು. ಗ್ಲಾಕ್ 17ರ ಹಿಂದಿನ ಮತ್ತು ಮುಂದಿನ ಗುರಿಕಟ್ಟುಗಳ ನಡುವಿನ ಅಂತರ 165 ಮಿ.ಮೀ. ಬೆರಳಿನ ಒತ್ತಡಕ್ಕೆ ಮುಂದಿನ ಗುರಿಕಟ್ಟು ಒಂದೇ ಒಂದು ಮಿ.ಮೀ. ಸರಿದರೂ 25 ಮೀಟರ್ ದೂರದಲ್ಲಿ ಗುಂಡು ಸುಮಾರು 150 ಮಿ.ಮೀ. ಆಚೆ ಬೀಳುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ 25 ಮೀಟರ್ ನಿಖರತಾ ಗುರಿಫಲಕದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 50 ಮಿ.ಮೀ. ಕ್ರೀಡಾಪಟುಗಳು ಹಗುರ ಟ್ರಿಗರಿಗೆ ಹಂಬಲಿಸುವುದು ಇದೇ ಕಾರಣಕ್ಕೆ. ನಿಯಮಾವಳಿ ಅದಕ್ಕೆ ಕಡಿವಾಣ ಹಾಕಿರುವುದೂ ಇದೇ ಕಾರಣಕ್ಕೆ.

ಒಲಿಂಪಿಕ್ಸ್ ಸ್ಪರ್ಧೆಗಳಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿನದು ಕನಿಷ್ಠ 1,000 ಗ್ರಾಂ ಇರಬೇಕು. ನಳಿಕೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರಿಗೆ ನಿಗದಿತ ತೂಕದ ಬಟ್ಟನ್ನು ತೂಗುಹಾಕಿ ಮೇಲೆತ್ತುತ್ತಾರೆ. ಟ್ರಿಗರ್ ಆ ಭಾರ ತಾಳದೆ ಬಿಟ್ಟುಕೊಟ್ಟರೆ ಆಯುಧ ತಪಾಸಣೆಯಲ್ಲಿ ತಿರಸ್ಕೃತ. ಪುರುಷರ 25 ಮೀಟರ್ ರ್‍ಯಾಪಿಡ್ ಫೈರ್ ಸ್ಪರ್ಧೆಯಲ್ಲಿ ಐದು ಗುರಿಫಲಕಗಳಿಗೆ ಐದು ಗುಂಡುಗಳನ್ನು 8, 6 ಮತ್ತು ಕೊನೆಗೆ 4 ಸೆಕೆಂಡುಗಳಲ್ಲಿ ಹಾರಿಸಬೇಕು. ಪ್ರತಿ ಗುಂಡಿಗೂ ಐದು ಕೆ.ಜಿ. ಎಳೆಯುತ್ತ ಕೂತರೆ ಇದು ಆಗದ ಮಾತು. ಹೀಗಾಗಿ ಇಲ್ಲಿ ಬಳಕೆಯಾಗುವುದು ಹಗುರ ಟ್ರಿಗರಿನ .22 ಕ್ಯಾಲಿಬರ್ ಪಿಸ್ತೂಲುಗಳು. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಈ ಸ್ಪರ್ಧೆಯಲ್ಲಿ. 2024ರ ಪ್ಯಾರಿಸ್ ಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್, ಮಹಿಳೆಯರ 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಪದಕ ಪಡೆದರು.

ಓಡುತ್ತ, ತಿರುಗುತ್ತ ಗುಂಡು ಹಾರಿಸುವ ‘ಪ್ರಾಯೋಗಿಕ ಶೂಟಿಂಗ್’ ಇನ್ನೊಂದು ಲೋಕ. ಇದರ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಒಳಯಂತ್ರಗಳ ನಡುವಿನ ಅಸಮಾನತೆಯನ್ನು ಈ ಕ್ರೀಡೆ ವಿಭಾಗಗಳ ಮೂಲಕ ಬಗೆಹರಿಸಿದೆ. ಓಪನ್ ಮತ್ತು ಸ್ಟ್ಯಾಂಡರ್ಡ್ ವಿಭಾಗಗಳಲ್ಲಿ ಹಗುರ ಟ್ರಿಗರಿನ ಸಿಂಗಲ್ ಆ್ಯಕ್ಷನ್ ಪಿಸ್ತೂಲುಗಳದೇ ರಾಜ್ಯಭಾರ. ಕ್ಲಾಸಿಕ್ ವಿಭಾಗ ಎಂ1911 ಮಾದರಿಗೆ ಮೀಸಲು. ರಿವಾಲ್ವರಿಗೆ ಪ್ರತ್ಯೇಕ ವಿಭಾಗವಿದೆ. ಪ್ರೊಡಕ್ಷನ್ ವಿಭಾಗದಲ್ಲಿ ಸಿಂಗಲ್ ಆ್ಯಕ್ಷನ್ ನಿಷಿದ್ಧ. ಅಲ್ಲಿ ಮೊದಲ ಗುಂಡಿನ ಎಳೆತ ಕನಿಷ್ಠ 2.27 ಕೆ.ಜಿ. ಅಥವಾ ಎಲ್ಲ ಗುಂಡುಗಳ ಎಳೆತ ಕನಿಷ್ಠ 1.36 ಕೆ.ಜಿ. ಇರಬೇಕೆಂಬ ನಿಯಮವಿದೆ. ಜೆಕ್ ದೇಶದ ಸಿಝಡ್ ಶಾಡೋ 2ರಂಥ ಮಿಶ್ರ ಪದ್ಧತಿಯ ಪಿಸ್ತೂಲು ಇಲ್ಲಿ ಬಹುಜನರ ಆಯ್ಕೆ. ಮೊದಲ ಗುಂಡಿನ ಭಾರ ಒಮ್ಮೆ ಮಾತ್ರ, ಉಳಿದ ಇಪ್ಪತ್ತು-ಮೂವತ್ತು ಗುಂಡುಗಳಿಗೆ ಹಗುರ ಎಳೆತದ ಲಾಭ ಎಂಬುದು ಇದರ ಲೆಕ್ಕಾಚಾರ. ಸುಮಾರು 1.3 ಕೆ.ಜಿ. ತೂಗುವ ಈ ಲೋಹದ ಪಿಸ್ತೂಲು ಹಿನ್ನೊದೆತವನ್ನೂ ತಗ್ಗಿಸುತ್ತದೆ. ಆದರೆ ಅಷ್ಟು ಭಾರವನ್ನು ದಿನವಿಡೀ ಸೊಂಟದಲ್ಲಿ ಅಡಗಿಸಿಟ್ಟುಕೊಳ್ಳುವುದು ಪ್ರಾಯೋಗಿಕವಲ್ಲ.

ಕಣದಲ್ಲಿ ಹಗುರ ಟ್ರಿಗರ್ ಸುರಕ್ಷಿತವಾಗಿರುವುದಕ್ಕೆ ಯಂತ್ರವೊಂದೇ ಕಾರಣವಲ್ಲ. ತೋಟಾ ತುಂಬುವುದು ಅಧಿಕಾರಿಯ ಅಪ್ಪಣೆಯ ನಂತರವೇ. ನಳಿಕೆ ಸದಾ ಮಣ್ಣಿನ ದಿಬ್ಬದ ಕಡೆಗೇ ಇರಬೇಕು. ಓಡುವಾಗ ಬೆರಳು ಟ್ರಿಗರಿನ ಬಳೆಯೊಳಗಿದ್ದರೆ, ಆಯುಧ ಕೈಜಾರಿದರೆ ಅಥವಾ ಅಕಾಲದಲ್ಲಿ ಗುಂಡು ಹಾರಿದರೆ ಸ್ಪರ್ಧಿ ಕೂಡಲೇ ಇಡೀ ಪಂದ್ಯದಿಂದ ಹೊರಗೆ. ಯಂತ್ರದಿಂದ ಕಳೆದುಕೊಂಡ ಸುರಕ್ಷೆಯನ್ನು ನಿಯಮ ಮರಳಿ ತುಂಬಿಕೊಡುತ್ತದೆ.

ಬಟ್ಟೆಯ ಮರೆಯಲ್ಲಿ

ಬೀದಿಯಲ್ಲಿ ಅಂಥ ಅಧಿಕಾರಿ ಇರುವುದಿಲ್ಲ. ಅಮೆರಿಕದಲ್ಲಿ ಅರ್ಹರೆಲ್ಲರಿಗೂ ಮರೆಯಲ್ಲಿ ಆಯುಧ ಒಯ್ಯುವ ಪರವಾನಗಿ ನೀಡಬೇಕೆಂಬ ಕಾನೂನನ್ನು ಫ್ಲಾರಿಡಾ 1987ರಲ್ಲಿ ತಂದ ನಂತರ ಒಂದೊಂದೇ ರಾಜ್ಯ ಆ ಹಾದಿ ಹಿಡಿಯಿತು. 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬ್ರೂಯನ್ ಪ್ರಕರಣದಲ್ಲಿ ನ್ಯೂಯಾರ್ಕಿನ ಬಿಗಿ ಕಾನೂನನ್ನು ರದ್ದುಪಡಿಸಿತು. 2024ರ ವೇಳೆಗೆ 29 ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ಆಯುಧ ಒಯ್ಯಲು ಅವಕಾಶವಿತ್ತು. ತರಬೇತಿಯ ಕಡ್ಡಾಯ ಹೀಗೆ ಸಡಿಲವಾದಷ್ಟೂ ಆಯುಧದ ಒಳಯಂತ್ರದ ಆಯ್ಕೆ ಹೆಚ್ಚು ಮಹತ್ವದ್ದಾಗುತ್ತದೆ.

ಒಯ್ಯುವ ಆಯುಧಕ್ಕೆ ಬೇಕಾದ ಗುಣಗಳೇ ಬೇರೆ. ಅದು ಚಿಕ್ಕದಾಗಿರಬೇಕು, ಕೆಳಗೆ ಬಿದ್ದರೆ ಹಾರಬಾರದು, ಬೆವರು ಮತ್ತು ಧೂಳಿಗೆ ಜಗ್ಗಬಾರದು. ಭಯದಿಂದ ನಡುಗುವ ಕೈಯಲ್ಲೂ ಅಪೇಕ್ಷಿಸಿದಾಗ ಮಾತ್ರ ಹಾರಬೇಕು. 2018ರಲ್ಲಿ ಬಂದ, ಹತ್ತು ತೋಟಾಗಳ ಮ್ಯಾಗಜಿನ್ ಇರುವ ಅಂಗೈಯಗಲದ ಸಿಗ್ ಪಿ365ರಂಥ ಪುಟ್ಟ ಸ್ಟ್ರೈಕರ್ ಪಿಸ್ತೂಲುಗಳು ಈ ಮಾರುಕಟ್ಟೆಯನ್ನು ಬಹುಮಟ್ಟಿಗೆ ಆವರಿಸಿವೆ. ಹೊಟ್ಟೆಯ ಮುಂಭಾಗದಲ್ಲಿ, ನಳಿಕೆ ತೊಡೆಯತ್ತ ಮುಖ ಮಾಡಿರುವಂತೆ ಒಯ್ಯುವವರಲ್ಲಿ ಕೆಲವರು ಇಂದಿಗೂ ಹ್ಯಾಮರ್ ಇರುವ ಮಿಶ್ರ ಪದ್ಧತಿಯನ್ನೇ ಇಷ್ಟಪಡುತ್ತಾರೆ. ಒರೆಗೆ ಸೇರಿಸುವಾಗ ಹೆಬ್ಬೆರಳನ್ನು ಹ್ಯಾಮರಿನ ಮೇಲಿಟ್ಟರೆ, ಟ್ರಿಗರಿಗೆ ಏನಾದರೂ ಸಿಕ್ಕಿಕೊಂಡು ಹ್ಯಾಮರ್ ಏಳತೊಡಗಿದ್ದು ಕೂಡಲೇ ತಿಳಿಯುತ್ತದೆ ಎಂಬುದು ಅವರ ಸಮರ್ಥನೆ. ಗುಂಡು ಅಕಸ್ಮಾತ್ತಾಗಿ ಹಾರುವ ಸಂಭವ ಹೆಚ್ಚಾಗಿರುವುದು ಹೊರತೆಗೆಯುವಾಗ ಮತ್ತು ಒರೆಗೆ ಸೇರಿಸುವಾಗ. ಈ ಅರ್ಥದಲ್ಲಿ ಅವರ ವಾದದಲ್ಲಿ ಹುರುಳಿದೆ.

ಕಣದ ರುಚಿಯನ್ನು ಸೊಂಟಕ್ಕೆ ತರುವುದೇ ಈ ಕ್ಷೇತ್ರದ ದೊಡ್ಡ ತಪ್ಪು ಎನ್ನಬಹುದು. ಒಯ್ಯುವ ಪಿಸ್ತೂಲಿಗೆ ಸ್ಪರ್ಧೆಯ ಬಿಡಿಭಾಗ ಹಾಕಿ ಟ್ರಿಗರನ್ನು ಅರ್ಧಕ್ಕಿಳಿಸಿದರೆ ತಯಾರಕ ಲೆಕ್ಕ ಹಾಕಿಟ್ಟ ಸುರಕ್ಷೆಯ ಅಂಚು ಸವೆಯುತ್ತದೆ. ಎಳೆತ ಹಗುರಾಗಲೆಂದು ಹ್ಯಾಮರ್ ಸ್ಪ್ರಿಂಗನ್ನು ದುರ್ಬಲಗೊಳಿಸಿದರೆ ಪೆಟ್ಟಿನ ಬಲವೂ ತಗ್ಗಿ, ಗಟ್ಟಿ ಕೇಪು ಹೊತ್ತದೆ ಹೋಗಬಹುದು. ಸ್ಪರ್ಧಿಗೆ ಅದು ಕೆಲವು ಅಂಕಗಳ ನಷ್ಟ. ಆತ್ಮರಕ್ಷಣೆಗೆ ನಿಂತವನಿಗೆ ಅದು ಜೀವದ ಪ್ರಶ್ನೆ. ಈ ಎರಡು ಲೋಕಗಳ ನಡುವೆ ಸೇತುವೆಯಾಗಲೆಂದೇ 1996ರಲ್ಲಿ ಹುಟ್ಟಿದ ಐಡಿಪಿಎ ಎಂಬ ಸಂಸ್ಥೆ, ದೈನಂದಿನ ಆಯುಧ ಮತ್ತು ಅದನ್ನು ಮರೆಮಾಡುವ ಮೇಲಂಗಿಯೊಂದಿಗೇ ಸ್ಪರ್ಧಿಸುವ ಪಂದ್ಯಗಳನ್ನು ನಡೆಸುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ಎಚ್-1ಬಿ, ಎಫ್-1 ಮುಂತಾದ ತಾತ್ಕಾಲಿಕ ವೀಸಾ ಪಡೆದು ಬಂದವರು ಬಂದೂಕು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಉಳ್ಳವರು ಸೇರಿದಂತೆ ಕೆಲವರಿಗೆ ಮಾತ್ರ ವಿನಾಯಿತಿ. ರಾಜ್ಯದ ಕಾನೂನು ಎಷ್ಟೇ ಉದಾರವಾಗಿದ್ದರೂ ಈ ನಿರ್ಬಂಧ ತಪ್ಪದು. ಗ್ರೀನ್ ಕಾರ್ಡ್ ಹೊಂದಿದವರಿಗೆ ಇದು ಅನ್ವಯಿಸುವುದಿಲ್ಲ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿಯ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಕ್ರೀಡಾ ಶೂಟರ್‌ಗಳಿಗೆ ಸಂಖ್ಯೆಯ ವಿಷಯದಲ್ಲಿ ಪ್ರತ್ಯೇಕ ರಿಯಾಯಿತಿಯಿದೆ. ಕೊಡಗಿನ ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರವು 2019ರಲ್ಲಿ ಹತ್ತು ವರ್ಷ ವಿಸ್ತರಿಸಿದೆ.

9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಹೀಗಾಗಿ ಅಮೆರಿಕದ ಚರ್ಚೆಯ ಬಹುಪಾಲು ಆಯುಧಗಳು ಇಲ್ಲಿ ಅಪ್ರಸ್ತುತ. ಆತ್ಮರಕ್ಷಣೆಗೆಂದು ಪರವಾನಗಿ ಪಡೆದವರ ಕೈಯಲ್ಲಿ ಹೆಚ್ಚಾಗಿ ಕಾಣುವುದು .32 ಕ್ಯಾಲಿಬರಿನ ರಿವಾಲ್ವರ್ ಅಥವಾ ಪಿಸ್ತೂಲು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಬ್ರಿಟನ್ನಿನ ವೆಬ್ಲಿ ಮನೆತನದ್ದು. ಅದೇ ಕಾರ್ಖಾನೆ ಮಹಿಳೆಯರಿಗೆಂದು 2014ರ ಜನವರಿಯಲ್ಲಿ ಸುಮಾರು ಅರ್ಧ ಕೆ.ಜಿ. ತೂಕದ ‘ನಿರ್ಭೀಕ್’ ರಿವಾಲ್ವರನ್ನು ಬಿಡುಗಡೆ ಮಾಡಿತು. 2023ರ ಆಗಸ್ಟಿನಲ್ಲಿ ತಿರುಗಣೆ ಪಕ್ಕಕ್ಕೆ ತೆರೆದುಕೊಳ್ಳುವ ‘ಪ್ರಬಲ್’ ಬಂತು. ಹಗುರ ಆಯುಧ ಮತ್ತು ಭಾರವಾದ ಟ್ರಿಗರ್ ಒಟ್ಟಿಗೆ ಸೇರಿದರೆ ಗುರಿ ಹಿಡಿಯುವುದು ಇನ್ನೂ ಕಠಿಣ. ಸತತ ಅಭ್ಯಾಸ ಬೇಡುವ ಇಂಥ ಆಯುಧಗಳು ಬಹಳ ಮನೆಗಳಲ್ಲಿ ವರ್ಷಕ್ಕೊಮ್ಮೆ ಆಯುಧ ಪೂಜೆಗೂ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವುದಕ್ಕೂ ಮಾತ್ರ ಬೀರುವಿನಿಂದ ಹೊರಬರುತ್ತವೆ.

2016ರ ಶಸ್ತ್ರಾಸ್ತ್ರ ನಿಯಮಗಳು ಎರಡು ವಿಷಯಗಳಲ್ಲಿ ಸ್ಪಷ್ಟವಾಗಿವೆ. ಪರವಾನಗಿ ಕೋರುವವರು ಸುರಕ್ಷತಾ ತರಬೇತಿ ಪಡೆದಿರಬೇಕು. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಒರೆ ಅಥವಾ ಚೀಲದಲ್ಲಿ, ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ, ತನ್ನ ಹತೋಟಿಯಲ್ಲಿಟ್ಟುಕೊಂಡೇ ಒಯ್ಯಬೇಕು. ಯಂತ್ರ ಯಾವುದೇ ಆಗಿರಲಿ, ಒರೆಯಿಲ್ಲದ ಆಯುಧ ಅಪೂರ್ಣ ಎಂಬ ಮಾತನ್ನೇ ಕಾನೂನೂ ಹೇಳುತ್ತಿದೆ.

ಆಯ್ಕೆಯ ಸೂತ್ರ

ಯಾವ ಆ್ಯಕ್ಷನ್ ಶ್ರೇಷ್ಠ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಣದಲ್ಲಿ ಅಂಕ ಬೇಕಾದವರಿಗೆ ನಿಯಮ ಅನುಮತಿಸುವಷ್ಟು ಹಗುರವಾದ, ಗಿಡ್ಡ ಎಳೆತ ಸೂಕ್ತ. ವಾರವಾರವೂ ಅಭ್ಯಾಸ ಮಾಡಲಾಗದ, ಆದರೆ ಪ್ರಾಣಭಯದಿಂದ ಪರವಾನಗಿ ಪಡೆದಿರುವ ವ್ಯಕ್ತಿಗೆ ಕೀಲಿ ನೆನಪಿಡಬೇಕಿಲ್ಲದ ಡಬಲ್ ಆ್ಯಕ್ಷನ್ ರಿವಾಲ್ವರ್ ಹೆಚ್ಚು ಕ್ಷಮಾಶೀಲ. ಅವರು ಗುರಿಯಲ್ಲಿ ಕಳೆದುಕೊಳ್ಳುವುದನ್ನು ಭದ್ರತೆಯಲ್ಲಿ ಗಳಿಸುತ್ತಾರೆ. ಸ್ಟ್ರೈಕರ್ ಪಿಸ್ತೂಲು ಈ ಎರಡರ ಮಧ್ಯದ ದಾರಿ, ಆದರೆ ಗಟ್ಟಿ ಒರೆ ಇದ್ದರೆ ಮಾತ್ರ. ಸಿಂಗಲ್ ಆ್ಯಕ್ಷನ್ ಮತ್ತು ಮಿಶ್ರ ಪದ್ಧತಿಗಳು ಕೀಲಿ ಹಾಕುವುದನ್ನೂ ಹ್ಯಾಮರ್ ಇಳಿಸುವುದನ್ನೂ ನಿದ್ದೆಗಣ್ಣಲ್ಲೂ ಮರೆಯದಷ್ಟು ರೂಢಿಸಿಕೊಂಡವರಿಗೆ.

ಪ್ರತಿಯೊಂದು ಪದ್ಧತಿಯೂ ಸುರಕ್ಷೆಯನ್ನು ಒಂದೊಂದು ಕಡೆ ಇರಿಸಿದೆ. ಅದು ಎಲ್ಲಿದೆ ಎಂಬುದನ್ನು ಆಯುಧ ಹಿಡಿದವನು ತಿಳಿದಿರಬೇಕು. ಸುರಕ್ಷೆ ಒರೆಯಲ್ಲಿದ್ದ ಪಿಸ್ತೂಲನ್ನು ಒರೆಯಿಲ್ಲದೆ ಒಯ್ದ ಆಟಗಾರನ ತೊಡೆಗೆ ಬಿದ್ದ ಗುಂಡು ನಾಲ್ಕು ಅಂಗುಲ ಆಚೀಚೆ ಸರಿದಿದ್ದರೆ ಪಕ್ಕದಲ್ಲಿದ್ದವರ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಿದರೆ ಸಾಕು, ಈ ತಿಳಿವಳಿಕೆಯ ಬೆಲೆ ಅರ್ಥವಾಗುತ್ತದೆ.